ಬಟ್ಟೆ ಕೊಟ್ಟು ಕೊಂಡವರು, ಬಟ್ಟೆ ಹೊಲಿದವರು

ಉತ್ತರ ಕನ್ನಡದ ಸಿದ್ದಿಗಳ ಮದುವೆಯ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ಅದರಲ್ಲಿ ಆಫ್ರಿಕಾದ್ದು ಏನಾದರೂ ಉಳಿದಿದೆಯಾ?’ ಸೆಮಿನಾರಿನಲ್ಲಿ ಪ್ರಾಧ್ಯಾಪಕರೂ ಕೇಳುತ್ತಾರೆ, ಯಶವಂತಪುರದಿಂದ ಹುಬ್ಬಳ್ಳಿಗೆ ಹೋಗುವ ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತವರೂ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಒಂದು ಚಿತ್ರ ಆಗಲೇ ಇರುತ್ತದೆ. ಡೋಲು, ಗರಿ, ಕಣ್ಣು ಕುಕ್ಕುವ ಬಣ್ಣದ ಉಡುಪು, ಬೆಂಕಿಯ ಸುತ್ತ ಕುಣಿತ. ನಾನು ಇದ್ದದ್ದನ್ನು ಹೇಳುತ್ತೇನೆ. ಹಿಂದೂ ಸಿದ್ದಿಗಳ ಮದುವೆಯಲ್ಲಿ ಕರಿಮಣಿ ಕಟ್ಟುತ್ತಾರೆ, ಮುಸ್ಲಿಂ ಸಿದ್ದಿಗಳಲ್ಲಿ ನಿಕಾಹ್ ಆಗುತ್ತದೆ, ಕ್ರೈಸ್ತ ಸಿದ್ದಿಗಳು ಇಗರ್ಜಿಗೆ ಹೋಗುತ್ತಾರೆ. ಮದುಮಗಳ ಸೀರೆ ಹೆಚ್ಚಾಗಿ ಯಲ್ಲಾಪುರದ್ದೋ ಹಳಿಯಾಳದ್ದೋ ಅಂಗಡಿಯಿಂದ ಬಂದಿರುತ್ತದೆ. ಡಮಾಮಿಯ ಡೋಲು ಬಾರಿಸುವುದುಂಟು, ಹಿರಿಯರಿಗೆ ಎಡೆ ಇಡುವುದುಂಟು. ಇಷ್ಟು ಕೇಳಿದ ಮೇಲೆ ಎದುರಿಗಿದ್ದವರ ಮುಖದಲ್ಲಿ ಸಣ್ಣದೊಂದು ನಿರಾಸೆ ಹಾದುಹೋಗುತ್ತದೆ. ‘ಹಾಗಾದರೆ ಎಲ್ಲ ನಮ್ಮ ಹಾಗೇ ಆಗಿಬಿಟ್ಟಿದ್ದಾರೆ ಅನ್ನಿ’ ಎಂದು ಮಾತು ಮುಗಿಸುತ್ತಾರೆ.

ಈ ನಿರಾಸೆಯ ಹಿಂದೆ ಒಂದು ನಂಬಿಕೆ ಇದೆ. ಎಲ್ಲೋ ಒಂದು ಅಪ್ಪಟ ಆಫ್ರಿಕಾ ಇದೆ, ಅಲ್ಲಿ ಅಪ್ಪಟ ಮದುವೆ ನಡೆಯುತ್ತದೆ, ಅದಕ್ಕೊಂದು ಅಪ್ಪಟ ಬಟ್ಟೆ ಇದೆ, ಸಿದ್ದಿಗಳು ಅದನ್ನು ದಾರಿಯಲ್ಲಿ ಕಳೆದುಕೊಂಡಿದ್ದಾರೆ ಎನ್ನುವ ನಂಬಿಕೆ. ಹಿಂದೂ ಮಹಾಸಾಗರದ ಬಟ್ಟೆ ವ್ಯಾಪಾರವನ್ನು ಪಿಎಚ್‌ಡಿಗೆಂದು ಓದುತ್ತಿರುವ ನಾನು ಕಳೆದ ಕೆಲವು ವರ್ಷಗಳಿಂದ ಯಲಹಂಕದ ಬಾಡಿಗೆ ಮನೆಯಲ್ಲಿ ಕೂತು ಆ ಅಪ್ಪಟ ಬಟ್ಟೆಯನ್ನು ಪುಸ್ತಕಗಳಲ್ಲಿ ಹುಡುಕಿದ್ದೇನೆ. ಅದು ಆಫ್ರಿಕಾದಲ್ಲಿಯೂ ಸಿಗುವುದಿಲ್ಲ. ಅಲ್ಲಿ ಸಿಗುವುದು ಬೇರೆಯೇ ಒಂದು ಸಂಗತಿ, ಮತ್ತು ಅದನ್ನು ಹಿಡಿದು ನೋಡಿದರೆ ಯಲ್ಲಾಪುರದ ಕಾಡಿನಂಚಿನ ಮನೆಗಳಲ್ಲಿ ಹಾಸಿಗೆಯ ಮೇಲೆ ಬಿದ್ದಿರುವ ಕೌದಿಗಳು ಬೇರೆ ಥರ ಕಾಣತೊಡಗುತ್ತವೆ.

ಮೊದಲು ಘಾನಾ ದೇಶಕ್ಕೆ ಹೋಗೋಣ. ಅಲ್ಲಿನ ಅಶಾಂತಿ ಜನರ ‘ಕೆಂಟೆ’ ಇವತ್ತು ಇಡೀ ಆಫ್ರಿಕಾದ ಗುರುತಿನ ಬಟ್ಟೆಯಂತಾಗಿದೆ. ಮದುವೆಯಲ್ಲಿ ಗಂಡು ಹೆಣ್ಣು ಇಬ್ಬರೂ ಒಂದೇ ವಿನ್ಯಾಸದ ಕೆಂಟೆ ತೊಡುತ್ತಾರೆ. ಗಂಡು ಅದನ್ನು ಎಡ ಹೆಗಲ ಮೇಲೆ ಹೊದ್ದು ಬಲ ಹೆಗಲನ್ನು ತೆರೆದಿಡುತ್ತಾನೆ. ಕೆಂಟೆಯ ಮಗ್ಗ ಚಿಕ್ಕದು. ಅದರಿಂದ ಹೊರಬರುವುದು ಸುಮಾರು ನಾಲ್ಕು ಇಂಚು ಅಗಲದ ಉದ್ದನೆಯ ಪಟ್ಟಿ. ಅಂಥ ಇಪ್ಪತ್ತಕ್ಕೂ ಹೆಚ್ಚು ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದಾಗ ಒಬ್ಬ ಗಂಡಸು ಹೊದೆಯುವಷ್ಟು ದೊಡ್ಡ ಬಟ್ಟೆಯಾಗುತ್ತದೆ. ಅದರ ಮಿರುಗುವ ರೇಷ್ಮೆ ಎಲ್ಲಿಂದ ಬಂತು? ಅಶಾಂತಿ ಅರಸ ಒಪೊಕು ವಾರೆ ಹೊರಗಿನಿಂದ ಬಂದ ರೇಷ್ಮೆ ಬಟ್ಟೆಗಳನ್ನು ಕೊಂಡು, ಅವುಗಳ ಎಳೆ ಎಳೆಯನ್ನೂ ಬಿಚ್ಚಿಸಿ, ಆ ನೂಲನ್ನು ತನ್ನ ನೇಕಾರರ ಮಗ್ಗಕ್ಕೆ ಕೊಡುತ್ತಿದ್ದನೆಂದು 18ನೇ ಶತಮಾನದ ಡೇನಿಶ್ ಬರಹವೊಂದು ಹೇಳುತ್ತದೆ. ಸಿದ್ಧವಾದ ಬಟ್ಟೆಯನ್ನು ಬಿಚ್ಚಿ ಮತ್ತೆ ನೇಯುವುದು ಲೆಕ್ಕಾಚಾರದ ವ್ಯಾಪಾರಿಗೆ ಹುಚ್ಚುತನವೆನಿಸಬಹುದು. ಅಶಾಂತಿಗಳಿಗೆ ಬೇಕಾಗಿದ್ದುದು ಆ ಬಣ್ಣ ಮತ್ತು ಹೊಳಪು. ಬೇರೆಯವರು ಹಾಕಿದ ವಿನ್ಯಾಸ ಬೇಕಾಗಿರಲಿಲ್ಲ.

ನೈಜೀರಿಯಾದ ಯೊರುಬಾ ಜನರಲ್ಲಿ ಮದುವೆಗೆ ‘ಅಶೊ ಒಕೆ’ ಎಂಬ ಪಟ್ಟಿ ನೇಯ್ಗೆಯ ಬಟ್ಟೆ ಬೇಕು. ಅದರಲ್ಲಿ ಮೂರು ಬಗೆ ಹೆಚ್ಚು ಮರ್ಯಾದೆಯವು. ಕಾಡು ರೇಷ್ಮೆಯ ಕಂದು ಬಣ್ಣದ್ದು ‘ಸಾನ್ಯಾನ್’, ನೀಲಿಯದು ‘ಎಟು’, ಕಡುಗೆಂಪಿನದು ‘ಅಲಾರಿ’. ಅಲಾರಿಯ ಕೆಂಪು ರೇಷ್ಮೆ ಸಹಾರಾ ಮರುಭೂಮಿ ದಾಟಿ ಒಂಟೆಗಳ ಮೇಲೆ ಬರುತ್ತಿತ್ತು. ಯೊರುಬಾ ಮದುವೆಯ ಇನ್ನೊಂದು ಪದ್ಧತಿ ‘ಅಶೊ ಎಬಿ’, ಅಂದರೆ ಕುಟುಂಬದ ಬಟ್ಟೆ. ಮದುವೆ ಮನೆಯವರು ಒಂದು ಬಟ್ಟೆಯನ್ನು ಆರಿಸುತ್ತಾರೆ, ಬಂಧುಗಳೂ ಸ್ನೇಹಿತರೂ ಅದರಲ್ಲೇ ಉಡುಪು ಹೊಲಿಸಿಕೊಂಡು ಬರುತ್ತಾರೆ. ಹೆಬ್ಬಾಳ, ಯಲಹಂಕದ ಕಲ್ಯಾಣ ಮಂಟಪಗಳಲ್ಲಿ ಈಗ ಮದುಮಗಳ ಅಕ್ಕತಂಗಿಯರು, ಚಿಕ್ಕಮ್ಮ ದೊಡ್ಡಮ್ಮಂದಿರು ಒಂದೇ ಬಣ್ಣದ ಸೀರೆಯಲ್ಲಿ ಸಾಲಾಗಿ ನಿಲ್ಲುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಾರು ನಮ್ಮವರು ಎಂದು ಕಣ್ಣಿಗೆ ಕಾಣುವಂತೆ ಹೇಳುವ ಉಪಾಯ ಅದು.

ಪೂರ್ವ ಕರಾವಳಿಯ ಕಥೆ ನಮಗೆ ಇನ್ನೂ ಹತ್ತಿರದ್ದು. ಜಾಂಜಿಬಾರ್, ಮೊಂಬಾಸಾ ಕಡೆಯ ಸ್ವಾಹಿಲಿ ಹೆಂಗಸರ ‘ಕಾಂಗಾ’ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ. ಮೊದಲಿಗೆ ಅವರು ಅಂಗಡಿಯಲ್ಲಿ ಸಿಗುತ್ತಿದ್ದ ಚೌಕದ ಕರ್ಚೀಫುಗಳ ಉದ್ದನೆಯ ಥಾನನ್ನು ಕೊಂಡು, ಆರು ಚೌಕಗಳನ್ನು ಸೇರಿಸಿ ಹೊಲಿದು ಮೈಗೆ ಸುತ್ತಿಕೊಳ್ಳುತ್ತಿದ್ದರಂತೆ. ಅದರ ಇನ್ನೊಂದು ಹೆಸರಾದ ‘ಲೆಸೊ’ ಕರ್ಚೀಫಿನ ಪೋರ್ಚುಗೀಸ್ ಹೆಸರಿನಿಂದ ಬಂದದ್ದು. ಆಮೇಲೆ ಅದೇ ಅಳತೆಯಲ್ಲಿ ಅಚ್ಚು ಹಾಕಿದ ಬಟ್ಟೆ ಬಂತು. ಸುತ್ತ ಅಂಚು, ನಡುವೆ ಒಂದು ಚಿತ್ರ, ಕೆಳಗೆ ಒಂದು ಗಾದೆಯ ಸಾಲು. ಬಾಯಲ್ಲಿ ಹೇಳಲಾಗದ ಮಾತನ್ನು, ಸವತಿಗೋ ಅತ್ತೆಗೋ ಗಂಡನಿಗೋ, ಕಾಂಗಾದ ಸಾಲು ಹೇಳುತ್ತದೆ. ಮೊಂಬಾಸಾದಲ್ಲಿ ಕಾಂಗಾ ವ್ಯಾಪಾರವನ್ನು ಬೆಳೆಸಿದವರಲ್ಲಿ ಭಾರತ ಮೂಲದ ಕಾದರ್‌ದಿನಾ ಹಾಜಿ ಎಸ್ಸಕ್ ಮನೆತನದ ಹೆಸರು ದೊಡ್ಡದು. ಕಾಂಗಾ ಯಾವಾಗಲೂ ಜೋಡಿಯಾಗಿ ಬರುತ್ತದೆ, ಮದುವೆಗೆ ‘ಕಿಸುಟು’ ಎಂಬ ಕೆಂಪು, ಕಪ್ಪು, ಬಿಳಿ ಬಣ್ಣದ ಜೋಡಿ ಬೇಕೇ ಬೇಕು. ಮದುವೆಯಲ್ಲಿ ಕಪ್ಪೇ ಎಂದು ಹುಬ್ಬೇರಿಸುವವರು ಉತ್ತರ ಕರ್ನಾಟಕದ ಚಂದ್ರಕಾಳಿ ಸೀರೆಯನ್ನು ನೆನೆಯಬಹುದು. ಕಪ್ಪು ಒಡಲಿನ ಮೇಲೆ ಕಸೂತಿ ತೆಗೆದ ಆ ಸೀರೆಯೂ ಮದುಮಗಳದೇ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮಾತ್ರ ನೈಜರ್ ನದೀಮುಖದ ಕಲಬರಿ ಜನರ ಪದ್ಧತಿ. ಅವರ ಮದುವೆ, ಹೆರಿಗೆ, ಸಾವು ಯಾವುದೂ ‘ಇಂಜಿರಿ’ ಇಲ್ಲದೆ ಮುಗಿಯುವುದಿಲ್ಲ. ಇಂಜಿರಿ ಎಂದರೆ ನಮ್ಮ ಮದ್ರಾಸ್ ಚೌಕಳಿ ಬಟ್ಟೆ. ಕೋರಮಂಡಲ ಕರಾವಳಿಯ ಕೈಮಗ್ಗಗಳಲ್ಲಿ ನೇಯ್ದದ್ದು, ನಮ್ಮಲ್ಲಿ ಲುಂಗಿಯಾಗಿ ಸವೆದು ಕೊನೆಗೆ ನೆಲ ಒರೆಸುವ ಬಟ್ಟೆಯಾಗುವ ಜಾತಿಯದೇ. ಕಲಬರಿ ಮನೆಗಳಲ್ಲಿ ಅದನ್ನು ಪೆಟ್ಟಿಗೆಗಳಲ್ಲಿಟ್ಟು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ಹೆಂಗಸರು ಅದರ ಮೇಲೆ ಬ್ಲೇಡು ಹಿಡಿದು ಕೂರುತ್ತಾರೆ. ಚೌಕಳಿಯ ಕೆಲವು ಎಳೆಗಳನ್ನು ಆರಿಸಿ ಕತ್ತರಿಸಿ, ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಎಳೆ ಹೋದಲ್ಲೆಲ್ಲ ಬಟ್ಟೆ ಜಾಳಾಗಿ ಹೊಸದೊಂದು ವಿನ್ಯಾಸ ಮೂಡುತ್ತದೆ. ಇದಕ್ಕೆ ‘ಪೆಲೆಟೆ ಬಿಟೆ’ ಎನ್ನುತ್ತಾರೆ, ಕತ್ತರಿಸಿದ ಬಟ್ಟೆ ಎಂದು ಅರ್ಥ. ಭಾರತದಲ್ಲಿ ನೇಯ್ದದ್ದಾದರೂ ಈ ಬಟ್ಟೆಯನ್ನು ಕಲಬರಿಗಳು ತಮ್ಮದು ಎನ್ನುತ್ತಾರೆ. ಅವರ ಪ್ರಕಾರ ಅದರಲ್ಲಿ ಸುಳ್ಳೇನೂ ಇಲ್ಲ, ಏಕೆಂದರೆ ಅವರ ಕೈ ಅದರ ಮೇಲೆ ಕೆಲಸ ಮಾಡಿದೆ.

ಬಿಚ್ಚಿದ ರೇಷ್ಮೆ, ಜೋಡಿಸಿದ ಕರ್ಚೀಫು, ಎಳೆ ತೆಗೆದ ಚೌಕಳಿ. ಆಫ್ರಿಕಾದ ಮದುವೆ ಬಟ್ಟೆಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವುದು ಇದೇ. ಹೊರಗಿನಿಂದ ಬಂದ ಬಟ್ಟೆಯನ್ನು ಇದ್ದ ಹಾಗೇ ಇಟ್ಟುಕೊಳ್ಳದೆ ಒಡೆದು, ಕತ್ತರಿಸಿ, ಸೇರಿಸಿ ತಮ್ಮದಾಗಿಸಿಕೊಳ್ಳುವುದು. ಇದು ಜಗತ್ತಿನ ಬೇರೆಡೆ ಇಲ್ಲವೆಂದೇನೂ ಅಲ್ಲ. ಆದರೆ ಇಲ್ಲಿ ಅದು ಬಡತನದ ಉಪಾಯವಾಗಿ ಅಷ್ಟೇ ಉಳಿಯದೆ ಅರಸನ ಹೆಗಲಿಗೂ ಮದುಮಗಳ ಮೈಗೂ ಏರಿದೆ.

ಈ ಬಟ್ಟೆಗಳು ಆಫ್ರಿಕಾಕ್ಕೆ ಹೋದದ್ದು ಏಕೆ ಎನ್ನುವ ಪ್ರಶ್ನೆಗೆ ಬಂದಾಗ ಕಥೆ ಕಪ್ಪಾಗುತ್ತದೆ. 17 ಮತ್ತು 18ನೇ ಶತಮಾನಗಳಲ್ಲಿ ಗುಲಾಮರನ್ನು ಕೊಳ್ಳಲು ಆಫ್ರಿಕಾದ ಪಶ್ಚಿಮ ತೀರಕ್ಕೆ ಹೋಗುತ್ತಿದ್ದ ಯುರೋಪಿನ ಹಡಗುಗಳ ಸರಕಿನಲ್ಲಿ ಬಹುದೊಡ್ಡ ಪಾಲು ಬಟ್ಟೆ, ಅದರಲ್ಲಿ ಬಹಳಷ್ಟು ಭಾರತದ್ದು. ಪುದುಚೇರಿಯಲ್ಲಿ ನೀಲಿ ಅದ್ದಿದ ‘ಗಿನಿ’ ಬಟ್ಟೆ ಸೆನೆಗಲ್ ನದಿಯ ಸೀಮೆಯಲ್ಲಿ ಹಣದಂತೆಯೇ ಚಲಾವಣೆಯಲ್ಲಿತ್ತು. ಕವಡೆಯದೂ ಇದೇ ಕಥೆ. ಮಾಲ್ಡೀವ್ಸಿನ ಸಮುದ್ರದಿಂದ ತೆಗೆದ ಕವಡೆ ಸಿಲೋನು, ಬಂಗಾಳದ ಬಂದರುಗಳ ಮೂಲಕ ಆಮ್‌ಸ್ಟರ್‌ಡಾಮ್, ಲಂಡನ್ ಸೇರಿ, ಅಲ್ಲಿಂದ ಮತ್ತೆ ಹಡಗು ಹತ್ತಿ ಗಿನಿ ತೀರಕ್ಕೆ ಹೋಗಿ ಮನುಷ್ಯರ ಬೆಲೆಯಾಗುತ್ತಿತ್ತು. ಸವದತ್ತಿ ಎಲ್ಲಮ್ಮನ ಭಕ್ತರ ಕೊರಳಲ್ಲಿರುವ ಕವಡೆ ಸರವನ್ನು ನೋಡುವಾಗ ಅದೇ ಕಡಲ ಚಿಪ್ಪಿನ ಇನ್ನೊಂದು ಪಯಣ ನಮಗೆ ನೆನಪಾಗುವುದಿಲ್ಲ.

ಚಿನುವ ಅಚಿಬೆಯ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಓದಿದವರಿಗೆ ಅದರ ಮದುವೆ ಮಾತುಕತೆಯ ಭಾಗ ನೆನಪಿರಬಹುದು. ಹೆಣ್ಣಿನ ತಂದೆ ಕಡ್ಡಿಗಳ ಕಟ್ಟೊಂದನ್ನು ಗಂಡಿನ ಕಡೆಯವರ ಕೈಗೆ ಕೊಡುತ್ತಾನೆ. ಅವರು ಎಣಿಸಿ, ಹೊರಗೆ ಹೋಗಿ ಪಿಸುಗುಟ್ಟಿ ಬಂದು, ಕಡ್ಡಿ ಕಡಿಮೆ ಮಾಡಿ ಹಿಂದಿರುಗಿಸುತ್ತಾರೆ. ಹೀಗೆ ಕಟ್ಟು ಕೈಯಿಂದ ಕೈಗೆ ಓಡಾಡಿ ಕೊನೆಗೆ 20 ಚೀಲ ಕವಡೆಗೆ ತೆರ ನಿಲ್ಲುತ್ತದೆ. ಬಾಯಲ್ಲಿ ಬೆಲೆ ಹೇಳಿ ಚೌಕಾಶಿ ಮಾಡಿದರೆ ಹೆಣ್ಣು ಸಂತೆಯ ದನದಂತಾಗುತ್ತಾಳೆ, ಕಡ್ಡಿಯಲ್ಲಿ ಮಾತಾಡಿದರೆ ಮರ್ಯಾದೆ ಉಳಿಯುತ್ತದೆ ಎನ್ನುವುದು ಅಲ್ಲಿನ ನಂಬಿಕೆ. ತೆರ ನಮಗೂ ಹೊಸದಲ್ಲ, ವರದಕ್ಷಿಣೆ ಹರಡುವ ಮುನ್ನ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ ಕೊಡುತ್ತಿದ್ದರು. ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಒಂದೇ ಕವಡೆ, ಒಂದೇ ಬಟ್ಟೆ ಒಂದು ಕೈಯಲ್ಲಿ ಎರಡು ಮನೆಗಳನ್ನು ಬೆಸೆಯುತ್ತಿತ್ತು, ಇನ್ನೊಂದು ಕೈಯಲ್ಲಿ ಮನೆಯಿಂದ ಮಗುವನ್ನು ಕಿತ್ತು ಹಡಗಿಗೆ ಏರಿಸುತ್ತಿತ್ತು.

ಅಂದಹಾಗೆ ಅಚಿಬೆಯ ಈ ಕಾದಂಬರಿ ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ, ಚಿದಂಬರ ರಾವ್ ಜಂಬೆ ಅವರ ನಿರ್ದೇಶನದಲ್ಲಿ, 1980ರ ದಶಕದಲ್ಲಿ ಮಂಚಿಕೇರಿಯ ಸಿದ್ದಿ ಕಲಾವಿದರ ಮೂಲಕ ಕನ್ನಡ ರಂಗಕ್ಕೆ ಬಂತು. ಯಲ್ಲಾಪುರ ತಾಲ್ಲೂಕಿನ ಸಿದ್ದಿಗಳು ನೈಜೀರಿಯಾದ ಇಗ್ಬೊ ಊರೊಂದರ ಕಥೆಯನ್ನು ಕನ್ನಡದಲ್ಲಿ ಆಡಿದರು. ಅವರ ಪೂರ್ವಜರು ಬಂದದ್ದು ಇಗ್ಬೊ ನಾಡಿನಿಂದಲ್ಲ, ಬಹುಮಟ್ಟಿಗೆ ಆಫ್ರಿಕಾದ ಪೂರ್ವ ಭಾಗದಿಂದ. ಅದರಿಂದ ನಾಟಕಕ್ಕೇನೂ ಕೊರತೆಯಾಗಲಿಲ್ಲ.

ಪೂರ್ವ ತೀರದಲ್ಲೂ ಬಟ್ಟೆಯ ಲೆಕ್ಕ ಹಾಗೆಯೇ ಇತ್ತು. ಮೊಜಾಂಬಿಕ್ 1752ರವರೆಗೆ ಗೋವೆಯ ಪೋರ್ಚುಗೀಸ್ ಆಡಳಿತದ ಕೆಳಗಿತ್ತು. ದೀವ್, ದಮನ್‌ಗಳ ಗುಜರಾತಿ ವರ್ತಕರು ಅಲ್ಲಿಗೆ ಬಟ್ಟೆ ಒಯ್ಯುತ್ತಿದ್ದರು. ಆಫ್ರಿಕಾದ ಯಾವ ಸೀಮೆಯವರು ಈ ವರ್ಷ ಯಾವ ಅಂಚು, ಯಾವ ನೀಲಿ ಕೇಳುತ್ತಿದ್ದಾರೆಂಬ ಸುದ್ದಿ ಗುಜರಾತಿನ ನೇಕಾರರವರೆಗೂ ಬರುತ್ತಿತ್ತು. ಚರಿತ್ರೆಕಾರ ಪೆಡ್ರೊ ಮಚಾಡೊ ಈ ವರ್ತಕರ ವ್ಯವಹಾರವನ್ನು ವಿವರವಾಗಿ ಬರೆದಿದ್ದಾರೆ. ಬಟ್ಟೆ ಕೊಟ್ಟು ತಂದದ್ದು ಮುಖ್ಯವಾಗಿ ಆನೆ ದಂತ. ಅದರ ಜೊತೆಗೆ ಮನುಷ್ಯರು. ನಮ್ಮ ಹೆಂಗಸರ ಮದುವೆಯ ದಂತದ ಬಳೆಗಳೂ ಗೋವೆಯ ಸಿರಿವಂತರ ಮನೆಯ ಗುಲಾಮರೂ ಒಂದೇ ಹಡಗಿನಲ್ಲಿ ಬಂದಿರಬಹುದಾದ ಕಾಲವದು. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ ಪ್ರವಾಸಿ ಲಿನ್‌ಸ್ಕೋಟೆನ್ ಅಲ್ಲಿ ಗುಲಾಮರನ್ನು ಮಾರುವ ಬಗೆಯನ್ನು ಬರೆದಿಟ್ಟಿದ್ದಾನೆ. ಪೋರ್ಚುಗೀಸ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡದ್ದು 1869ರಲ್ಲಿ.

ಕರ್ನಾಟಕಕ್ಕೆ ಬಂದ ಆಫ್ರಿಕನ್ನರಲ್ಲಿ ಎಲ್ಲರದೂ ಒಂದೇ ದಾರಿಯಲ್ಲ. ದಖ್ಖನಿನ ಸುಲ್ತಾನರ ಕಾಲದಲ್ಲಿ ಹಬ್ಶಿ ಗುಲಾಮರು ಸೈನಿಕರಾಗಿ, ಸರದಾರರಾಗಿ ಬೆಳೆದರು. ಇಥಿಯೋಪಿಯಾದಲ್ಲಿ ಹುಟ್ಟಿ ಹಲವು ಕೈ ಬದಲಾಗಿ ಮಾರಾಟವಾದ ಮಲಿಕ್ ಅಂಬರ್, ತಾನೇ ಗದ್ದುಗೆಗೇರಿಸಿದ ನಿಜಾಮಶಾಹಿ ಸುಲ್ತಾನನಿಗೆ ಮಗಳನ್ನು ಕೊಟ್ಟು ಮದುವೆ ಮಾಡಿದ. ಬಿಜಾಪುರದ ಇಖ್ಲಾಸ್ ಖಾನ್ ಸುಲ್ತಾನ ಮಹಮ್ಮದ್ ಆದಿಲ್ ಶಾಹನ ಜೊತೆ ಒಂದೇ ಆನೆಯ ಮೇಲೆ ಕೂತಿರುವ 17ನೇ ಶತಮಾನದ ಚಿತ್ರ ಪ್ರಸಿದ್ಧವಾಗಿದೆ. ಅವನು ತೊಟ್ಟಿರುವುದು ಅಪ್ಪಟ ದಖ್ಖನಿ ದರಬಾರಿನ ಉಡುಪು. ಇನ್ನೊಂದು ದಾರಿ ಕಾಡಿನದು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಈಗಿನ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಖಾನಾಪುರ, ಕಲಘಟಗಿ ಸೀಮೆಯ ಕಾಡುಗಳಲ್ಲಿ ನೆಲೆನಿಂತರು. ಅವರು ಬರುವಾಗ ಯಾವ ಬಟ್ಟೆಯನ್ನೂ ತಂದಿರಲಾರರು. ಹಡಗಿನ ತಳದಲ್ಲಿ ಬಂದವರ ಬಳಿ ಮದುವೆಯ ಪೆಟ್ಟಿಗೆ ಇರುವುದಿಲ್ಲ. ಸಿದ್ದಿ ಮದುವೆಯಲ್ಲಿ ಆಫ್ರಿಕಾದ ಬಟ್ಟೆ ಎಲ್ಲಿ ಎಂದು ಕೇಳುವಾಗ ನಾವು ಈ ಸರಳ ಸಂಗತಿಯನ್ನೇ ಮರೆತಿರುತ್ತೇವೆ.

ಕಾಡಿನಲ್ಲಿ ಅವರಿಗೆ ಸಿಕ್ಕದ್ದು ಹಳೇ ಬಟ್ಟೆ. ಒಡೆಯರ ಮನೆಯಿಂದ ಕೂಲಿಯ ಜೊತೆ ಬಂದ ಸವೆದ ಸೀರೆ, ಹರಿದ ಅಂಗಿ, ಪಂಚೆ. ಮತ್ತು ಘಟ್ಟದ ಮಳೆ, ಚಳಿ. ಹಳೇ ಬಟ್ಟೆ ಪದರ ಪದರವಾಗಿಟ್ಟು ಕೌದಿ ಹೊಲಿಯುವುದು ಕರ್ನಾಟಕದ ಉದ್ದಗಲಕ್ಕೂ ಇರುವ ಕೆಲಸ. ಯಲಹಂಕದ ನಮ್ಮ ಬೀದಿಯಲ್ಲೂ ವರ್ಷಕ್ಕೊಮ್ಮೆ ‘ಕೌದಿ ಹೊಲಿಸ್ತೀರೇನವ್ವಾ’ ಎಂದು ಕೂಗುತ್ತ ಬರುವ ಹೆಂಗಸರಿದ್ದಾರೆ. ಉತ್ತರ ಕರ್ನಾಟಕದಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಮಗಳ ಜೊತೆ ಕೂಸಿಗೊಂದು ಕೌದಿ ಹೋಗುತ್ತದೆ. ಸಿದ್ದಿಯರ ಕೌದಿಯೂ, ಅವರು ಕವಂದಿ ಎನ್ನುವುದು, ಈ ನೆಲದ ಕೌದಿಯೇ.

ಆದರೆ ಹೊಲಿಯುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಕೆಳಗೆ ಹಾಸಲು ಒಂದು ಸೀರೆ. ಕೆಲಸ ಶುರುವಾಗುವುದು ಅಂಚಿನಿಂದ. ಒಂದು ಮೂಲೆಯಲ್ಲಿ ಹಿಡಿದು ತುಂಡುಗಳನ್ನು ಒಂದರ ಪಕ್ಕ ಒಂದು, ಒಂದರ ಮೇಲೊಂದು ಇಡುತ್ತ, ಸೂಜಿಯನ್ನು ಒಳಗೆ ಹೊರಗೆ ಮಾಡುತ್ತ ಸಾಲು ಹೊಲಿಗೆ ಹಾಕಿಕೊಂಡು ನಾಲ್ಕೂ ಅಂಚು ಸುತ್ತಿ ಬರುತ್ತಾರೆ. ಮತ್ತೊಂದು ಸುತ್ತು, ಇನ್ನೊಂದು ಸುತ್ತು. ಹೀಗೆ ಸುತ್ತುತ್ತ ಸುತ್ತುತ್ತ ನಡುಮಧ್ಯಕ್ಕೆ ಬಂದಾಗ ಕೌದಿ ಮುಗಿಯುತ್ತದೆ. ಮೊದಲೇ ಬರೆದಿಟ್ಟುಕೊಂಡ ನಕ್ಷೆ ಇಲ್ಲ. ಮುಂದಿನ ತುಂಡು ಯಾವುದೆಂದು ಹಿಂದಿನ ತುಂಡು ನೋಡಿ ತೀರ್ಮಾನ. ಕೆಂಪಿನ ಪಕ್ಕ ಹಸಿರು, ಹೂವಿನ ಸೀರೆಯ ಪಕ್ಕ ಪಟ್ಟೆಪಟ್ಟೆಯ ಅಂಗಿ. ಕೆಲವು ಕೌದಿಗಳಲ್ಲಿ ಶಿಲುಬೆ, ಕೆಲವುಗಳಲ್ಲಿ ಅರ್ಧಚಂದ್ರ. ಕೊನೆಗೆ ನಾಲ್ಕೂ ಮೂಲೆಗಳಿಗೆ ಬಟ್ಟೆಯನ್ನು ಪದರವಾಗಿ ಮಡಿಸಿ ಮಾಡಿದ ತ್ರಿಕೋನದ ‘ಫುಲ’, ಅಂದರೆ ಹೂವು, ಇಡುತ್ತಾರೆ. ಯಲ್ಲಾಪುರದ ಕಡೆಯ ಒಂದು ಕೇರಿಯಲ್ಲಿ ವಯಸ್ಸಾದ ಸಿದ್ದಿ ಹೆಂಗಸೊಬ್ಬರನ್ನು ‘ಅಮ್ಮಾ, ಈ ಹೂವು ಬಿಟ್ಟರೆ ಏನಾಗ್ತದೆ? ಮಲಗೋದಕ್ಕೆ ಅದೇನೂ ಬೇಕಿಲ್ಲವಲ್ಲ’ ಎಂದು ಕೇಳಿದೆ. ಅವರು ಸೂಜಿ ನಿಲ್ಲಿಸದೆ ‘ಬಿಟ್ರೆ ಬೆತ್ಲೆ ಆಗ್ತದೆ ತಂಗಿ’ ಎಂದರು. ಸಿದ್ದಿ ಹೆಂಗಸರ ಬಾಯಲ್ಲಿ ಈ ಮಾತನ್ನು ನನಗಿಂತ ಮೊದಲು ಬಂದವರೂ ಕೇಳಿ ಬರೆದಿದ್ದಾರೆ.

ಹಾಗೆ ಬರೆದವರಲ್ಲಿ ಮುಖ್ಯರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್. ಯೊರುಬಾ ಕಲೆಯ ವಿದ್ವಾಂಸರಾದ ಅವರು ಸಿದ್ದಿ ಕೌದಿಗಳನ್ನು ನೋಡಿ ಬೆರಗಾದರು. 2004ರಲ್ಲಿ ಕೌದಿ ಹೊಲಿಯುವ ಸಿದ್ದಿ ಹೆಂಗಸರ ಸಹಕಾರಿ ಸಂಘ ಹುಟ್ಟಲು ಅವರ ಒತ್ತಾಸೆಯಿತ್ತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಬಣ್ಣಗಳ ಢಾಳು ಜೋಡಣೆ, ನಕ್ಷೆಯಿಲ್ಲದೆ ಮುಂದುವರಿಯುವ ಲಯ, ಇವುಗಳಲ್ಲಿ ಡ್ರೂವಲ್ ಆಫ್ರಿಕಾದ ಮತ್ತು ಆಫ್ರಿಕನ್ ವಲಸಿಗರ ಕಲೆಯ ನೆನಪನ್ನು ಕಾಣುತ್ತಾರೆ. ಅಲಬಾಮಾದ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಹಳೇ ಕೆಲಸದ ಬಟ್ಟೆಗಳಿಂದ ಹೊಲಿದ ಕೌದಿಗಳು 2002ರಲ್ಲಿ ಮ್ಯೂಸಿಯಂಗಳ ಗೋಡೆಗೇರಿ ಹೆಸರಾಗಿದ್ದವು. ಅವುಗಳ ಪಕ್ಕದಲ್ಲಿಟ್ಟರೆ ನಮ್ಮ ಕವಂದಿಗಳು ಅಕ್ಕತಂಗಿಯರಂತೆ ಕಾಣುವುದು ನಿಜ.

ಎದುರು ವಾದವೂ ಸುಲಭದ್ದಲ್ಲ. ಹಳೇ ಬಟ್ಟೆ, ಸಾಲು ಹೊಲಿಗೆ, ಢಾಳು ಬಣ್ಣ ಇವೆಲ್ಲ ವಿಜಯಪುರ, ಬಾಗಲಕೋಟೆಯ ಕೌದಿಗಳಲ್ಲೂ ಇವೆ. ಸಿದ್ದಿಯರ ಅಜ್ಜಿಯರು ಪಕ್ಕದ ಮನೆಯ ಮರಾಠಿ, ಕುಣಬಿ, ಲಿಂಗಾಯತ ಹೆಂಗಸರಿಂದ ಇದನ್ನು ಕಲಿತಿರಬಹುದು. ರಕ್ತದ ವಿಷಯದಲ್ಲಿ ಇಂಥ ಜಗಳಕ್ಕೆ ಲೆಕ್ಕ ಸಿಗುತ್ತದೆ. 2011ರಲ್ಲಿ ಪ್ರಕಟವಾದ, ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಭಾಗವಹಿಸಿದ ಅಧ್ಯಯನ, ಭಾರತದ ಸಿದ್ದಿಗಳ ವಂಶವಾಹಿಗಳಲ್ಲಿ ಆಫ್ರಿಕಾದ ಪಾಲು ಶೇ. 60ರಿಂದ 75ರಷ್ಟು ಎಂದು ಹೇಳಿತು. ಕೌದಿಯ ಹೊಲಿಗೆಗೆ ಅಂಥ ಪರೀಕ್ಷೆ ಇಲ್ಲ.

ನನಗೆ ಈ ವಾದದಲ್ಲಿ ಒಂದು ಕಡೆ ಸೇರುವ ಆಸೆ ಹೋಗಿದೆ. ಕೆಂಟೆಯ ರೇಷ್ಮೆ ಹೊರಗಿನದು, ಇಂಜಿರಿ ಮದ್ರಾಸಿನದು, ಕಾಂಗಾ ವ್ಯಾಪಾರದ ಹ��ಂದೆ ಭಾರತದ ವರ್ತಕರಿದ್ದಾರೆ. ಆದರೂ ಅವನ್ನು ಆಫ್ರಿಕಾದವು ಎನ್ನಲು ಯಾರೂ ಹಿಂಜರಿಯುವುದಿಲ್ಲ. ಹಾಗಿರುವಾಗ ಸಿದ್ದಿ ಹೆಂಗಸಿನ ಕವಂದಿಯನ್ನು ಮಾತ್ರ ಹಿಡಿದು, ಈ ಹೊಲಿಗೆ ಎಲ್ಲಿಂದ ಬಂತು, ಆ ಬಟ್ಟೆ ಎಲ್ಲಿಯದು ಎಂದು ಜರಡಿ ಹಿಡಿಯುವುದೇಕೆ? ಕಲಬರಿ ಹೆಂಗಸಿಗೆ ಕೊಟ್ಟ ಮರ್ಯಾದೆಯನ್ನು ಇವರಿಗೂ ಕೊಡಬಹುದು. ಮಾಡಿದವರದು ಬಟ್ಟೆ. ಹೊಲಿಗೆ ಇಲ್ಲಿಯದಾದರೂ, ಒಡೆಯರ ಸೀರೆಯನ್ನು ಹರಿದು, ತನಗೆ ಸರಿಕಂಡ ಕಡೆ ಇಟ್ಟು, ಮಲಗಲು ಬೇಕಿಲ್ಲದ ಒಂದು ಹೂವನ್ನು ಮೂಲೆಗೆ ಇಡಲೇಬೇಕೆಂದು ಹಠ ಹಿಡಿದವರು ಅವರು.

ಇದು ಬರೀ ವಿದ್ವಾಂಸರ ಜಗಳವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ‘ನಿಮ್ಮಲ್ಲಿ ಆಫ್ರಿಕಾದ್ದು ಏನಿದೆ’ ಎನ್ನುವ ಪ್ರಶ್ನೆಯನ್ನು ಸಿದ್ದಿಗಳು ಬದುಕಿನ ಎಲ್ಲ ತಿರುವಿನಲ್ಲೂ ಎದುರಿಸಿದ್ದಾರೆ. ಬುಡಕಟ್ಟೆಂದು ಗುರುತಿಸಲು ನಮ್ಮ ಸರ್ಕಾರಗಳು ಬಳಸುತ್ತ ಬಂದಿರುವುದು 1965ರ ಲೋಕೂರ್ ಸಮಿತಿಯ ಮಾನದಂಡಗಳನ್ನು. ಅವುಗಳಲ್ಲಿ ವಿಶಿಷ್ಟ ಸಂಸ್ಕೃತಿಯೂ ಒಂದು, ಹೊರಗಿನವರೊಡನೆ ಬೆರೆಯಲು ಹಿಂಜರಿಯುವುದೂ ಒಂದು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಮುಂದೆ ಅದು ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೂ ವಿಸ್ತರಿಸಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಉತ್ಸವಗಳಲ್ಲಿ ಸಿದ್ದಿ ತಂಡಗಳಿಗೆ ಸೊಪ್ಪು, ಗರಿ ಕಟ್ಟಿ ಕುಣಿಯಲು ಹೇಳುವುದು ನಿಂತಿಲ್ಲ. ಒಂದು ಕಡೆ ನಮ್ಮ ಹಾಗೇ ಆಗಿಬಿಟ್ಟಿದ್ದಾರೆಂಬ ನಿರಾಸೆ, ಇನ್ನೊಂದು ಕಡೆ ರಸ್ತೆಯಲ್ಲಿ ಹೋಗುವ ಸಿದ್ದಿ ಹುಡುಗನನ್ನು ‘ನೀನು ಯಾವ ದೇಶದವನು’ ಎಂದು ತಡೆದು ಕೇಳುವುದು. ಎರಡೂ ನಮ್ಮವೇ. ಬೆಂಗಳೂರಿಗೆ ಓದಲು, ದುಡಿಯಲು ಬಂದ ಸಿದ್ದಿ ಯುವಕರಿಗೆ ಕನ್ನಡದಲ್ಲಿ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ.

ಮದುವೆಯ ವಿಷಯದಲ್ಲಿ ನಿಜವಾಗಿ ಗಮನಿಸಬೇಕಾದದ್ದು ಬೇರೆ ಇದೆ. ಸಿದ್ದಿಗಳಲ್ಲಿ ಮೂರು ಧರ್ಮಗಳಿವೆ, ಆದರೆ ಧರ್ಮ ದಾಟಿದ ನಂಟು ಹೊಸ ಸಂಗತಿಯಲ್ಲ. ಒಂದೇ ಬಳಗದಲ್ಲಿ ಹಿಂದೂ ಹೆಸರೂ ಕ್ರೈಸ್ತ ಹೆಸರೂ ಮುಸ್ಲಿಂ ಹೆಸರೂ ಸಿಗುತ್ತವೆ. ಹೊರಗಿನ ಒತ್ತಡದಲ್ಲಿ ಇದು ಎಷ್ಟು ದಿನ ಉಳಿಯುತ್ತದೆ ಎನ್ನುವ ಆತಂಕ ಹಿರಿಯರಲ್ಲಿದೆ. ಅಪ್ಪಟತನವನ್ನು ಹುಡುಕುವ ಕಣ್ಣಿಗೆ ಈ ಬೆರಕೆ ಒಂದು ನಷ್ಟದಂತೆ ಕಾಣುತ್ತದೆ. ನನಗೆ ಅದು ಕವಂದಿಯ ಇನ್ನೊಂದು ರೂಪದಂತೆ ಕಂಡಿದೆ, ಸಿಕ್ಕ ತುಂಡುಗಳನ್ನೆಲ್ಲ ಸೇರಿಸಿ ಮಳೆಗಾಲ ದಾಟುವ ಜಾಣತನ.

ಕವಂದಿಯಲ್ಲಿ ಮದುವೆ ಸೀರೆಗೂ ಜಾಗವಿದೆ. ಉಟ್ಟು ಉಟ್ಟು ಸೆರಗು ಹಿಂಜಿದ ಮೇಲೆ ಅದನ್ನು ಹರಿದು ತುಂಡು ಮಾಡುತ್ತಾರೆ. ನಾನು ಹೇಳಿದ ಆ ಹಿರಿಯ ಹೆಂಗಸು ತಮ್ಮ ಕೌದಿಯ ಮೇಲೆ ಬೆರಳಾಡಿಸುತ್ತ ಇದು ಮಗನ ಶಾಲೆ ಅಂಗಿ, ಇದು ನನ್ನ ಗಂಡನ ಲುಂಗಿ, ಇದು ಹಿರಿಮಗಳ ಮದುವೆ ಸೀರೆ ಎಂದು ಹೇಳುತ್ತ ಹೋದರು. ಹತ್ತಿಯ ಬಟ್ಟೆ ಈಗ ಸಿಗುವುದೇ ಕಡಿಮೆಯಂತೆ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಸೆಕೆ ಬೇರೆ. ಮಾರುವುದಕ್ಕೆ ಹೊಲಿಯುವಾಗ ಬಣ್ಣ ಹೊಂದಿಸಿ ಕೊಡಿ ಎಂದು ಕೊಳ್ಳುವವರು ಕೇಳುತ್ತಾರೆ, ಹೊಸ ಬಟ್ಟೆ ಕತ್ತರಿಸಿ ಕೊಡುವವರೂ ಇದ್ದಾರೆ. ಅದರಿಂದ ಕೈಗೆ ನಾಲ್ಕು ಕಾಸು ಬರುತ್ತದೆ. ಬರಲಿ. ಆದರೆ ಅಂಥ ಕೌದಿಯ ಮೇಲೆ ಬೆರಳಿಟ್ಟು ಹೇಳಲು ಯಾರ ಹೆಸರೂ ಇರುವುದಿಲ್ಲ.

ಹೆಸರಿನ ಮಾತು ಬಂತು. ಗೀಸ್ ಬೆಂಡಿನ ಕೌದಿಗಳು ಮ್ಯೂಸಿಯಂಗೆ ಹೋದಾಗ ಪ್ರತಿ ಕೌದಿಯ ಪಕ್ಕ ಹೊಲಿದವಳ ಹೆಸರು ಇತ್ತು. ಕೆಲವು ತಿಂಗಳ ಹಿಂದೆ ನಮ್ಮ ಊರಿನ ಕರಕುಶಲ ಪ್ರದರ್ಶನವೊಂದರಲ್ಲಿ ತೂಗುಹಾಕಿದ್ದ ಸಿದ್ದಿ ಕವಂದಿಯ ಕೆಳಗೆ ಇದ್ದ ಚೀಟಿಯಲ್ಲಿ ಸಮುದಾಯದ ಹೆಸರು, ಜಿಲ್ಲೆಯ ಹೆಸರು, ಬೆಲೆ ಇಷ್ಟೇ ಇದ್ದವು. ಆಫ್ರಿಕನ್ ಪರಂಪರೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮಾರಲು ಕೂತಿದ್ದ ಹುಡುಗಿಯನ್ನು ಹೊಲಿದವರು ಯಾರೆಂದು ಕೇಳಿದೆ. ಅವಳು ಫೋನು ತೆಗೆದು ಯಾರಿಗೋ ಕರೆ ಮಾಡಿ, ಎರಡು ನಿಮಿಷ ಕಾದು, ಒಂದು ಹೆಸರು ಹೇಳಿದಳು. ಚೀಟಿಯ ಕೆಳಗೆ ಪೆನ್ನಿನಲ್ಲಿ ಅದನ್ನು ಅವಳೇ ಬರೆದಳು.